ಕಡಲೆಕಾಯಿ ರಾಶಿಯ ಹಿಂದೆ ನಾವಿಬ್ಬರು

ನಮ್ಮ ಮನೆಕೆಲಸಕ್ಕೆ ಬರುವ ಅಕ್ಕನಿಗೆ ಓದಲು ಬರುವುದಿಲ್ಲ. ಆದರೆ ನಾನು ಬರೆದ ಕಥೆಯನ್ನು ಮೊದಲು ಕೇಳುವುದು ಅವರೇ. ಪಾತ್ರೆ ತೊಳೆದಾದ ಮೇಲೆ ಇಬ್ಬರೂ ಕಾಫಿ ಹಿಡಿದು ಕೂರುತ್ತೇವೆ. ನಾನು ಓದುತ್ತೇನೆ. ಸರಿ ಅನ್ನಿಸದಿದ್ದರೆ, "ಅಷ್ಟೆಲ್ಲಾ ಅನ್ನಿಸ್ಕೊಂಡು ಅವ್ಳು ಸುಮ್ನಿರಲ್ಲಮ್ಮ" ಅನ್ನುತ್ತಾರೆ. ಇಷ್ಟು ನೇರವಾಗಿ ನನಗೆ ಬೇರೆ ಯಾರೂ ಹೇಳುವುದಿಲ್ಲ.

ಅವರ ತವರು ಚಿಂತಾಮಣಿ ಕಡೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಅಲ್ವಾ, ಅವರ ಅಣ್ಣ ಅತ್ತಿಗೆ ಮೂಟೆ ತಂದು ಅಂಗಡಿ ಹಾಕುತ್ತಾರೆ. ಹೋದ ವರ್ಷ ಅಕ್ಕ ನನ್ನನ್ನೂ ಕರೆದರು. "ಒಂದಿನ ನಮ್ ಜೊತೆ ಕೂತ್ಕೊಳಿ, ಬನ್ನಿ."

ಪರಿಷೆಗೆ ಚಿಕ್ಕಂದಿನಿಂದ ಹೋಗುತ್ತಿದ್ದೇನೆ. ಆದರೆ ರಾಶಿಯ ಆಚೆ ಬದಿ ಕೂತದ್ದು ಅವತ್ತೇ. ಮನೆಯಲ್ಲಿ ಮೆಲ್ಲಗೆ ಮಾತಾಡುವ ಅಕ್ಕ ಅಲ್ಲಿ ಬುಲ್ ಟೆಂಪಲ್ ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಚೌಕಾಸಿ ಮಾಡಲು ಬಂದವರ ಬಾಯಿ ಮುಚ್ಚಿಸುತ್ತಿದ್ದರು. ನನ್ನ ಕೈಗೆ ಸೇರು ಕೊಟ್ಟು, "ಮೇಲೆ ಗೋಪುರ ನಿಲ್ಬೇಕಮ್ಮ, ಇಲ್ದಿದ್ರೆ ಗಿರಾಕಿ ಬೈತಾರೆ" ಅಂದರು. ಬಿಡುವಾದಾಗ ಪರಿಷೆ ಹುಟ್ಟಿದ ಕಥೆ ಹೇಳಿದರು, ಹಿಂದೆ ಇಲ್ಲೇ ಇದ್ದ ಸುಂಕೇನಹಳ್ಳಿಯಲ್ಲಿ ರೈತರ ಕಡಲೆಕಾಯಿ ಹೊಲ ಮೇಯುತ್ತಿದ್ದ ಬಸವನ ಕಥೆ. ನನಗೆ ಗೊತ್ತಿದ್ದ ಕಥೆಯೇ. ಆದರೆ ಅವರು ಹೇಳಿದ್ದು ಬೆಳೆ ಕಳೆದುಕೊಂಡ ರೈತನ ಮನೆಯವರ ಕಡೆಯಿಂದ. ಆ ರಾತ್ರಿ ಅವರ ಮನೆಯಲ್ಲಿ ಒಲೆ ಹಚ್ಚಿರಲಿಕ್ಕಿಲ್ಲ ಅಂದರು. ಎಷ್ಟು ಚೆನ್ನಾಗಿ ಕಥೆ ಹೇಳುತ್ತಾರೆ ಅವರು!

ಸಂಜೆ ನಮ್ಮ ಬೀದಿಯವರೊಬ್ಬರು ಬಂದು, ಅಕ್ಕನ ಕಡೆ ನೋಡದೆ, "ನೀವ್ಯಾಕೆ ಇಲ್ಲಿ ಕೂತಿದೀರಿ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು: "ನಮ್ ಫ್ರೆಂಡು. ಎಷ್ಟು ಸೇರು ಕೊಡ್ಲಿ?" ಆ ಮಾತಿಗೆ ಆದ ಸಂತೋಷ, ನನ್ನ ಕಥೆ ಅಚ್ಚಾದಾಗಲೂ ಆಗಿರಲಿಲ್ಲ.

ತಿಂಗಳ ಕೊನೆಗೆ ಒಂದು ವಿಷಯ ಗೊತ್ತಾಯಿತು. ಅವರು ಕೆಲಸ ಮಾಡುವ ಇನ್ನೊಂದು ಮನೆಯಲ್ಲಿ ಪರಿಷೆಯ ದಿನದ ಸಂಬಳ ಹಿಡಿದಿದ್ದರು. ಮೊದಲೇ ಹೇಳಿ ತಗೊಂಡ ರಜೆಗೆ! ನನಗೆ ತುಂಬಾ ಕೋಪ ಬಂತು. ಮನೆಕೆಲಸದವರಿಗೂ ಕನಿಷ್ಠ ಕೂಲಿ ಇಷ್ಟು ಎಂದು ಕರ್ನಾಟಕ ಸರ್ಕಾರ 2004ರಲ್ಲೇ ಗೊತ್ತು ಮಾಡಿದೆ. ಇಷ್ಟು ವರ್ಷವಾದರೂ ಹಬ್ಬದ ಒಂದು ರಜೆಗೆ ಅವರು ಬೇಡಿಕೊಳ್ಳಬೇಕೇ? ನಾನು ಹೋಗಿ ಕೇಳುತ್ತೇನೆ ಅಂದೆ. "ನೀವು ಬೇಡ, ನಾನೇ ಕೇಳ್ತೀನಿ. ಪಕ್ಕದಲ್ಲಿ ನಿಂತ್ಕೊಳಿ ಸಾಕು" ಅಂದರು. ಇಬ್ಬರೂ ಹೋದೆವು. ಅವರೇ ಮಾತಾಡಿದರು, ದುಡ್ಡು ವಾಪಸ್ ಬಂತು. ಈಗ ಅವರು ಹೋಗುವ ಎಲ್ಲ ಮನೆಗಳಲ್ಲೂ ವಾರಕ್ಕೊಂದು ದಿನ ಸಂಬಳದ ರಜೆ ಕೇಳುತ್ತಿದ್ದೇವೆ. ಕೆಲವರು ಒಪ್ಪಿದ್ದಾರೆ, ಉಳಿದವರ ಹತ್ತಿರ ಮಾತಾಡಬೇಕು.