ಮೊದಲ ಕಾಳಗದ ರೋಬೋಟಿಗೆ ಮೋಟರು ಆರಿಸಿದ ದಿನ

12 ಜನವರಿ 2025, ಭಾನುವಾರ, ರಾತ್ರಿ

8 ಕೆ.ಜಿ. ವಿಭಾಗಕ್ಕಾಗಿ ನಾನೂ ನನ್ನ ಗೆಳೆಯನೂ ಕಟ್ಟುತ್ತಿರುವ ಮೊದಲ ಕಾಳಗದ ರೋಬೋಟಿನ ಚಾಲನೆಯ ಭಾಗಗಳು ಇಂದು ನಿಶ್ಚಯವಾದವು. ಎರಡು ವಾರ ನಾವು ತಿರುಗುವ ಆಯುಧದ ಚಿತ್ರಗಳನ್ನೇ ಬರೆಯುತ್ತ ಕುಳಿತಿದ್ದೆವು. ಆದರೆ ಕಳೆದ ವರ್ಷ ಕಾಲೇಜಿನ ಸ್ಪರ್ಧೆಯನ್ನು ಕಟಕಟೆಯ ಹೊರಗೆ ನಿಂತು ನೋಡಿದಾಗ, ಸೋತವುಗಳಲ್ಲಿ ಹಲವು ಯಂತ್ರಗಳು ಮೋಟರು ಸುಟ್ಟೋ ಚಕ್ರ ಕಳಚಿಯೋ ನಿಂತಲ್ಲೇ ನಿಂತುಬಿಟ್ಟಿದ್ದನ್ನು ನಾನು ಮರೆತಿಲ್ಲ. ಪಂದ್ಯದ ಮೂರು ನಿಮಿಷವೂ ಓಡುತ್ತಲೇ ಇರಬಲ್ಲ ಬಂಡಿ ಮೊದಲು ಸಿದ್ಧವಾಗಲಿ, ಆಯುಧದ ಮಾತು ಆಮೇಲೆ ಎಂದು ಗೆಳೆಯನನ್ನು ಒಪ್ಪಿಸಿದೆ.

ಹಳೆಯ ಕಾರಿನ ವೈಪರ್ ಮೋಟರು ಅಗ್ಗಕ್ಕೆ ಸಿಗುತ್ತದೆ, ಬಲವೂ ಬಹಳ ಎಂಬ ಸಲಹೆ ಬಂದಿತ್ತು. ಆದರೆ ಅದು ನಿಮಿಷಕ್ಕೆ ಸುಮಾರು 60 ಸುತ್ತು ಮಾತ್ರ ತಿರುಗುವುದರಿಂದ, 80 ಮಿ.ಮೀ. ಚಕ್ರ ಹಾಕಿದರೆ ಸೆಕೆಂಡಿಗೆ ಕಾಲು ಮೀಟರು ಸಾಗುತ್ತದೆ. ಓಡಿ ತಪ್ಪಿಸಿಕೊಳ್ಳಬೇಕಾದ ಯಂತ್ರಕ್ಕೆ ಆ ವೇಗ ಸಾಲದು. ಹೀಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ, ಗೇರ್ ಪೆಟ್ಟಿಗೆ ಕೂಡಿದ 12 ವೋಲ್ಟಿನ ಜಾನ್ಸನ್ ಗೇರ್ ಮೋಟರಿಗೇ ಬಂದು ನಿಂತೆವು. ನಿಮಿಷಕ್ಕೆ 300 ಸುತ್ತಿನದೋ 600 ಸುತ್ತಿನದೋ ಎಂಬುದಷ್ಟೇ ಪ್ರಶ್ನೆಯಾಗಿ ಉಳಿಯಿತು.

ಈ ಪ್ರಶ್ನೆಗೆ ಉತ್ತರ ಮೋಟರಿನಲ್ಲಿಲ್ಲ, ಚಕ್ರ ನೆಲವನ್ನು ಹಿಡಿಯುವ ಬಲದಲ್ಲಿದೆ ಎಂಬುದು ನನಗೆ ಅರ್ಥವಾಗಲು ತಡವಾಯಿತು. ಎದುರಾಳಿಯನ್ನು ಗೋಡೆಗೆ ಒತ್ತಿ ಹಿಡಿದಾಗ ಚಕ್ರ ಜಾರಿದರೆ ಮೋಟರು ತಿರುಗುತ್ತಲೇ ಇರುತ್ತದೆ. ಚಕ್ರ ಜಾರದೆ ಮೋಟರೇ ತಡೆದು ನಿಂತರೆ, ಬ್ಯಾಟರಿಯಿಂದ ಬರುವ ಶಕ್ತಿಯೆಲ್ಲ ಶಾಖವಾಗಿ ಒಳಗಿನ ತಂತಿಯ ಸುರುಳಿ ಕೆಲವೇ ಕ್ಷಣಗಳಲ್ಲಿ ಕಮರತೊಡಗುತ್ತದೆ. ಆದ್ದರಿಂದ ಮೋಟರು ನಿಲ್ಲುವ ಮೊದಲೇ ಚಕ್ರ ಜಾರುವಂತಿರಬೇಕು.

ನಿನ್ನೆ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿರುವ ಸೋದರಮಾವನಲ್ಲಿಗೆ ಹೋಗಿ, ಹಲಗೆಯೊಂದಕ್ಕೆ ನಾಲ್ಕು ರಬ್ಬರ್ ಚಕ್ರಗಳನ್ನು ತಿರುಗದಂತೆ ಬಿಗಿದು, ಮೇಲೆ 5 ಕೆ.ಜಿ. ಅಕ್ಕಿ ಚೀಲವನ್ನೂ ಇಟ್ಟಿಗೆಯನ್ನೂ ಹೇರಿ ಒಟ್ಟು 8 ಕೆ.ಜಿ. ಮಾಡಿ, ಉಕ್ಕಿನ ತಗಡಿನ ಮೇಲಿಟ್ಟು ಸ್ಪ್ರಿಂಗ್ ತ್ರಾಸಿನಿಂದ ಎಳೆದೆವು. ಒರೆಸಿದ ತಗಡಿನ ಮೇಲೆ ತ್ರಾಸು 6.4 ಕೆ.ಜಿ. ತೋರಿಸಿದಾಗ ಹಲಗೆ ಜಾರಿತು. ಅದೇ ತಗಡಿನ ಮೇಲೆ ದೂಳು ಉದುರಿಸಿದಾಗ 5ಕ್ಕೂ ಮೊದಲೇ ಜಾರಿತು.

ಚಕ್ರದ ತ್ರಿಜ್ಯ 4 ಸೆಂ.ಮೀ. ನಾಲ್ಕೂ ಚಕ್ರಗಳಿಗೆ ಮೋಟರಿದ್ದರೆ ಒಂದೊಂದಕ್ಕೆ 1.6 ಕೆ.ಜಿ. ಎಳೆತ, ಅಂದರೆ 6.4 ಕೆ.ಜಿ.-ಸೆಂ.ಮೀ. ಟಾರ್ಕ್ (ತಿರುಗಿಸುವ ಬಲ) ಬಂದಾಗ ಚಕ್ರ ಜಾರುತ್ತದೆ. ಹಿಂದೆ ಎರಡೇ ಚಕ್ರ, ಮುಂದೆ ನೆಲಕ್ಕೆ ತಾಗುವ ಇಳಿಜಾರು ತಗಡು ಎಂಬ ನಮ್ಮ ಹಳೆಯ ನಕ್ಷೆಯಲ್ಲಿ, ಮುಕ್ಕಾಲು ಭಾರ ಹಿಂದೆ ಬಿದ್ದರೆ ಒಂದೊಂದಕ್ಕೆ 9.6 ಬೇಕು. ನಾವು ತಂದಿದ್ದ 600 ಸುತ್ತಿನ ಮೋಟರು ತಡೆದು ನಿಲ್ಲುವಾಗ ಕೊಟ್ಟದ್ದು ಸುಮಾರು 10. ಆಗ ಅದು ಎಳೆದ ವಿದ್ಯುತ್ತು 8 ಆಂಪಿಯರ್. ಎರಡೇ ಚಕ್ರದ ನಕ್ಷೆಯಲ್ಲಿ ಅದು ಸುಡುವ ಅಂಚಿನಲ್ಲಿರುತ್ತದೆ, ನಾಲ್ಕು ಚಕ್ರದಲ್ಲಿ ನೆಮ್ಮದಿಯಾಗಿರುತ್ತದೆ. 300 ಸುತ್ತಿನದರಲ್ಲಿ ಬಲ ಧಾರಾಳವಾಗಿದ್ದರೂ ವೇಗ ಸೆಕೆಂಡಿಗೆ 1.25 ಮೀಟರು, 600 ಸುತ್ತಿನದರಲ್ಲಿ 2.5. ನಾಲ್ಕು ಚಕ್ರ, 600 ಸುತ್ತು ಎಂದು ತೀರ್ಮಾನಿಸಿದೆವು. ಒಂದಕ್ಕೆ 190 ಗ್ರಾಂ ತೂಗುವ ನಾಲ್ಕು ಮೋಟರುಗಳ ಭಾರ ಒಟ್ಟು ತೂಕದ ಹತ್ತನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ತಂದ ನಾಲ್ಕರಲ್ಲಿ ಒಂದು ಮಾತ್ರ 540 ಸುತ್ತಿಗಿಂತ ಹೆಚ್ಚು ತಿರುಗಲಿಲ್ಲ. ಬಂಡಿ ಒಂದು ಬದಿಗೆ ಎಳೆಯುವುದು ಬೇಡವೆಂದು ಅದನ್ನು ನಾಳೆ ಬದಲಿಸಿಕೊಳ್ಳಬೇಕು.

ಮೋಟರನ್ನು ನಡೆಸುವ ಡ್ರೈವರ್ ಎಂಬ ವಿದ್ಯುತ್ ಬೋರ್ಡಿನ ವಿಷಯದಲ್ಲಿ ಗೆಳೆಯನೊಡನೆ ಬಹಳ ಹೊತ್ತು ವಾದವಾಯಿತು. ಅಗ್ಗದ ಬಿಟಿಎಸ್7960 ಬೋರ್ಡಿನ ಮೇಲಿನ 43 ಆಂಪಿಯರ್ ಎಂಬ ಬರಹವನ್ನು ಅವನು ನಂಬಿದ್ದ. ಆ ಅಂಕಿ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ಪ್ರವಾಹವನ್ನು ತಡೆಯುವ ಮಿತಿಯೇ ಹೊರತು ನಿರಂತರವಾಗಿ ಹರಿಸಬಲ್ಲ ಪ್ರಮಾಣವಲ್ಲ. ಪೂರ್ಣ ವೇಗದಲ್ಲಿ ಮುಂದೆ ಓಡುತ್ತಿರುವಾಗ ಥಟ್ಟನೆ ಹಿಂದಕ್ಕೆ ತಿರುಗಿಸಿದರೆ ಮೋಟರು ತಾನೇ ಹುಟ್ಟಿಸುವ ವೋಲ್ಟೇಜೂ ಬ್ಯಾಟರಿಯದರೊಡನೆ ಸೇರಿಕೊಳ್ಳುವುದರಿಂದ, ಒಂದು ಬದಿಯ ಎರಡು ಮೋಟರುಗಳ 16 ಆಂಪಿಯರ್ ಆ ಕ್ಷಣಕ್ಕೆ 32ರ ಹತ್ತಿರ ಏರಬಹುದು. ರಿಮೋಟಿನ ರಿಸೀವರು ಕೊಡುವ ಸಂಕೇತವನ್ನು ನೇರವಾಗಿ ಓದುವ, ಆ ಏರಿಕೆಯನ್ನು ತಾಳುವ, ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಗೇ ದುಡ್ಡು ಹಾಕೋಣವೆಂದೆ, ಕೊನೆಗೆ ಅವನೂ ಒಪ್ಪಿದ. ಬ್ಯಾಟರಿಯ ಲೆಕ್ಕ ಸುಲಭವಿತ್ತು: ನಾಲ್ಕೂ ಚಕ್ರ ಜಾರುತ್ತಲೇ ಇದ್ದರೂ ಸುಮಾರು 20 ಆಂಪಿಯರ್, ಮೂರು ನಿಮಿಷಕ್ಕೆ 1000 ಮಿಲಿಆಂಪಿಯರ್-ಗಂಟೆ. 2200ರ ಮೂರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಸಾಕು.

ಮಾವ ಗೇರ್ ಪೆಟ್ಟಿಗೆಯಿಂದ ಹೊರಚಾಚಿದ 6 ಮಿ.ಮೀ. ಶಾಫ್ಟನ್ನು ಬೆರಳಲ್ಲಿ ಅಲುಗಿಸಿ ನೋಡಿದರು. “ಒಂದೇ ಕಡೆ ಹಿಡಿದ ಶಾಫ್ಟು ಏಟಿಗೆ ನಿಲ್ಲುವುದಿಲ್ಲ ಕಣೋ, ಚಕ್ರದ ಆಚೆಗೂ ಒಂದು ಬೇರಿಂಗ್ ಕೊಡು” ಎಂದರು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಪಕ್ಕದಿಂದ ಬೀಳುವ ಹೊಡೆತ ಚಕ್ರದ ಮೂಲಕ ನೇರವಾಗಿ ಒಳಗಿನ ಸಣ್ಣ ಗೇರುಗಳಿಗೆ ತಲುಪುತ್ತದೆ. ಹೊರಗಡೆ ಇನ್ನೊಂದು ಪಟ್ಟಿ ನಿಲ್ಲಿಸಿ ಅದರಲ್ಲಿ ಬೇರಿಂಗ್ ಕೂರಿಸಿದರೆ ಆ ಹೊಡೆತವನ್ನು ಚೌಕಟ್ಟು ಹೊರುತ್ತದೆ. ಇದರಿಂದ ತೂಕ 400 ಗ್ರಾಂ ಹೆಚ್ಚಬಹುದು, ಅಷ್ಟನ್ನು ಆಯುಧದ ಪಾಲಿನಿಂದ ಕಳೆಯಲು ಇಬ್ಬರೂ ಒಪ್ಪಿದ್ದೇವೆ. ಬುಧವಾರ ಸಂಜೆ ಲೇತ್ ಬಿಡುವಾಗಿರುತ್ತದೆ ಎಂದು ಮಾವ ಹೇಳಿದ್ದಾರೆ. ಅಷ್ಟರೊಳಗೆ ನಾಲ್ಕು ಪಟ್ಟಿಗಳ ಅಳತೆ ಬರೆದು ಕೊಡಬೇಕು.