ಬರೀ ಸಾಯ್ತಾನೇ ಇರ್ತೀಯಲ್ಲ, ಇದರಲ್ಲಿ ಏನು ಮಜಾ?

‘ಬ್ಲ್ಯಾಕ್ ಮಿಥ್: ವುಕಾಂಗ್’ ಅನ್ನೋ ವಿಡಿಯೋ ಗೇಮ್ ಆಡ್ತಿದ್ದೀನಿ ಅಂದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಕೈಯಲ್ಲಿ ಕೋಲು ಹಿಡಿದ ಕೋತಿಯನ್ನು ನೋಡಿದವರು ‘ಇದು ನಮ್ಮ ಹನುಮಂತನ ಗೇಮಾ?’ ಅನ್ನುತ್ತಾರೆ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ನೋಡಿದವರು ಮೇಲಿನ ಪ್ರಶ್ನೆ ಕೇಳುತ್ತಾರೆ.

ಮೊದಲನೆಯದನ್ನು ಬೇಗ ಮುಗಿಸಿಬಿಡುತ್ತೇನೆ. ಇವನು ಹನುಮಂತ ಅಲ್ಲ, ಸುನ್ ವುಕಾಂಗ್. 16ನೇ ಶತಮಾನದ ಚೀನೀ ಕಾದಂಬರಿ ‘ಜರ್ನಿ ಟು ದ ವೆಸ್ಟ್’ನ ನಾಯಕ. ಕಲ್ಲಿನಿಂದ ಹುಟ್ಟಿದವನು. ಸಮುದ್ರದ ಡ್ರ್ಯಾಗನ್ ರಾಜನ ಹತ್ತಿರ ಮಾಯದ ಕೋಲು ಕಿತ್ತುಕೊಂಡು ಸ್ವರ್ಗಲೋಕವನ್ನೇ ಅಲ್ಲಾಡಿಸಿದವನು. ಬುದ್ಧ ಅವನನ್ನು 500 ವರ್ಷ ಬೆಟ್ಟದ ಕೆಳಗೆ ಅದುಮಿಟ್ಟ. ಆಮೇಲೆ ಒಬ್ಬ ಭಿಕ್ಷುವಿಗೆ ಕಾವಲಾಗಿ, ಧರ್ಮಗ್ರಂಥ ತರಲು ಭಾರತದ ಕಡೆ ಹೊರಟ. ಆ ಭಿಕ್ಷು ಯಾರು ಗೊತ್ತಾ? ಇಮ್ಮಡಿ ಪುಲಕೇಶಿಯ ಪಾಠದಲ್ಲಿ ನಾವೆಲ್ಲ ಓದಿದ ಹ್ಯೂಯೆನ್ ತ್ಸಾಂಗ್! ವುಕಾಂಗ್‌ನ ಮೂಲ ಹನುಮಂತನೇ ಅಂತ ಚೀನೀ ವಿದ್ವಾಂಸ ಹೂ ಶಿ ವಾದಿಸಿದ, ಅಲ್ಲ ಅಂತ ಚೀನೀ ಸಾಹಿತಿ ಲೂ ಶುನ್ ವಾದಿಸಿದ. ಅಂಥ ವಿದ್ವಾಂಸರೇ ಒಮ್ಮತಕ್ಕೆ ಬರಲಿಲ್ಲ, ನಾನು ಯಾಕೆ ತಲೆ ಹಾಕಲಿ.

ಚೀನಾದ ಹಾಂಗ್‌ಝೌನ ಗೇಮ್ ಸೈನ್ಸ್ ಎಂಬ ಸ್ಟುಡಿಯೋ ಮಾಡಿದ ಈ ಗೇಮ್ ಬಂದದ್ದು 2024ರ ಆಗಸ್ಟ್ 20ರಂದು. ಮೂರೇ ದಿನದಲ್ಲಿ 1 ಕೋಟಿ ಪ್ರತಿ ಮಾರಾಟವಾಯಿತು. ಕಥೆ ಶುರುವಾಗುವುದು ಭಾರತದ ಯಾತ್ರೆಯೆಲ್ಲ ಮುಗಿದ ಮೇಲೆ. ವುಕಾಂಗ್ ಮತ್ತೆ ಕಲ್ಲಾಗಿದ್ದಾನೆ. ಅವನ ಶಕ್ತಿ ಆರು ಪಾಲಾಗಿ ಚದುರಿದೆ. ಅದನ್ನು ಹುಡುಕಲು ಹೊರಟ, ಒಂದು ಮಾತೂ ಆಡದ ಕೋತಿ ನಾವು.

ಈಗ ಸಾಯುವ ವಿಷಯ. ಇದರಲ್ಲಿ ಈಸಿ, ಹಾರ್ಡ್ ಅಂತ ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಎಲ್ಲರಿಗೂ ಒಂದೇ ಏಟು. ಆದರೆ ಸತ್ತರೆ ನಷ್ಟ ಅಂತ ಹೆಚ್ಚೇನೂ ಇಲ್ಲ. ಗಳಿಸಿದ ಅನುಭವ ಕೈಬಿಟ್ಟು ಹೋಗುವುದಿಲ್ಲ, ದಾರಿಯಲ್ಲಿ ಕೊನೆಯದಾಗಿ ಸಿಕ್ಕ ಪುಟ್ಟ ಗುಡಿಯ ಮುಂದೆ ಎದ್ದು ಮತ್ತೆ ಹೊರಟರಾಯಿತು. ಕಲಿತ ವಿದ್ಯೆ ಸರಿಹೋಗಲಿಲ್ಲ ಅಂದರೆ ಅದೇ ಗುಡಿಯಲ್ಲಿ ಅದಕ್ಕೆ ಹಾಕಿದ ಪಾಯಿಂಟ್‌ಗಳನ್ನೆಲ್ಲ ಬಿಚ್ಚಿ ಬೇರೆ ಕಡೆ ಹಾಕಬಹುದು, ಅದೂ ಪುಕ್ಕಟೆ. ಹಾಗಾಗಿ ಪಕ್ಕದಲ್ಲಿ ಕೂತವರಿಗೆ ಕಾಣುವಷ್ಟು ಸಂಕಟ ಆಡುವವನಿಗೆ ಇರುವುದಿಲ್ಲ.

ಎರಡನೇ ಅಧ್ಯಾಯದ ಹುಲಿಯನ್ನೇ ತೆಗೆದುಕೊಳ್ಳಿ. ಪಾಳುಬಿದ್ದ ಗುಡಿಯೊಳಗೆ, ರಕ್ತದ ಕೊಳದಲ್ಲಿ ಕಾದಿರುತ್ತಾನೆ. ಟೈಗರ್ ವ್ಯಾನ್‌ಗಾರ್ಡ್ ಅಂತ ಹೆಸರು. ದೂರ ನಿಂತರೆ ಹಾರಿ ಬಂದು ಮೇಲೆ ಬೀಳುತ್ತಾನೆ. ಹತ್ತಿರ ಹೋದರೆ ಬಿಡದೆ ಚಚ್ಚುತ್ತಾನೆ. ಸೋರೆಬುರುಡೆಯಿಂದ ಔಷಧಿ ಕುಡಿಯೋಣ ಅಂದರೆ ಗುಟುಕು ಗಂಟಲಿಗಿಳಿಯುವಷ್ಟರಲ್ಲಿ ಮೈಮೇಲೆ ಇರುತ್ತಾನೆ. ಸುಮ್ನೆ ಬಟನ್ ಒತ್ತುತ್ತಾ ಹೋದರೆ ಸ್ಟಾಮಿನಾ ಖಾಲಿ, ಕಥೆ ಮುಗೀತು. ಕಬಡ್ಡಿಯಲ್ಲಿ ರೈಡರ್‌ನ ಕಾಲು ನೋಡುತ್ತೇವಲ್ಲ, ಹಾಗೆ ಇವನ ಭುಜ ನೋಡಬೇಕು. ಏಟು ಇನ್ನೇನು ತಾಗಬೇಕು ಅನ್ನುವಾಗ ಪಕ್ಕಕ್ಕೆ ಸರಿದರೆ ನಾವು ನಿಂತಿದ್ದ ಜಾಗದಲ್ಲಿ ನಮ್ಮದೇ ನೆರಳಿನಂಥ ರೂಪ ಉಳಿಯುತ್ತದೆ, ಅವನು ಅದನ್ನು ಹೊಡೆಯುತ್ತಾನೆ. ಜೊತೆಗೆ ನಮ್ಮ ದೊಡ್ಡ ಏಟಿಗೆ ಬೇಕಾದ ಶಕ್ತಿಯೂ ತುಂಬುತ್ತದೆ.

ಅವನ ಒಂದು ಚಾಳಿ ಮಾತ್ರ ನನ್ನನ್ನು ಬಹಳ ಕಾಡಿತು. ಚೆನ್ನಾಗಿ ಏಟು ಬೀಳುತ್ತಿದೆ ಅನ್ನುವಾಗಲೇ ಗಕ್ಕನೆ ಕಲ್ಲಾಗುತ್ತಾನೆ. ನಮ್ಮ ಕೋಲು ಠಣ್ಣನೆ ಹಿಂದಕ್ಕೆ ಚಿಮ್ಮುತ್ತದೆ, ಆ ಕ್ಷಣದಲ್ಲೇ ಅವನ ತಿರುಗೇಟು. ಇದೇನು ಮೋಸ ಅಂತ ರೇಗಿತ್ತು. ಆಮೇಲೆ ಕಾದಂಬರಿಯ 20ನೇ ಅಧ್ಯಾಯ ತೆಗೆದೆ. ಅಲ್ಲಿ ಇದೇ ಹುಲಿ ತನ್ನ ಚರ್ಮ ಕಳಚಿ ಬಂಡೆಯ ಮೇಲೆ ಹೊದಿಸಿ ತಪ್ಪಿಸಿಕೊಳ್ಳುತ್ತಾನೆ. ವುಕಾಂಗ್ ಅದನ್ನೇ ಹುಲಿ ಅಂದುಕೊಂಡು ಬಲವಾಗಿ ಬಾರಿಸುತ್ತಾನೆ, ಕೈ ಜುಮ್ಮೆನ್ನುತ್ತದೆ. ಅಷ್ಟರಲ್ಲಿ ಹುಲಿ ಭಿಕ್ಷುವನ್ನು ಎತ್ತಿಕೊಂಡು ಹೋಗಿರುತ್ತಾನೆ! ಶತಮಾನಗಳ ಹಿಂದೆ ವುಕಾಂಗ್ ತಿಂದ ಪೆಟ್ಟನ್ನೇ ನಾನೂ ತಿಂದಿದ್ದೆ. ಹುಲಿಯನ್ನು ಸೋಲಿಸಿದರೆ ಆ ಕಲ್ಲಾಗುವ ವಿದ್ಯೆ ನಮಗೇ ಸಿಗುತ್ತದೆ.

ನನಗೆ ಮಜಾ ಸಿಗುವುದು ಇಲ್ಲೇ. ಕಷ್ಟವನ್ನು ತೆಗೆದುಬಿಟ್ಟರೆ ಹುಲಿ ಎರಡು ನಿಮಿಷದಲ್ಲಿ ಸಾಯುತ್ತಿದ್ದ, ಅವನು ಕಲ್ಲಾಗುತ್ತಾನೆ ಅನ್ನುವುದೂ ನನಗೆ ಗೊತ್ತಾಗುತ್ತಿರಲಿಲ್ಲ. ಕೂದಲು ಕಿತ್ತು ಊದಿದರೆ ಹತ್ತಾರು ಕೋತಿಗಳಾಗುವುದು, ಒಂದು ಮಂತ್ರದಲ್ಲಿ ಶತ್ರುವನ್ನು ನಿಂತಲ್ಲೇ ನಿಲ್ಲಿಸುವುದು, ಇವೆಲ್ಲ ಕಾದಂಬರಿಯ ವುಕಾಂಗ್ ಮಾಡಿದ್ದೇ. ಓದಿದಾಗ ತಮಾಷೆ ಅನಿಸುತ್ತದೆ. ಜೀವ ಬಾಯಿಗೆ ಬಂದಾಗ ಅದೇ ಮಂತ್ರ ಹಾಕಿ ಎರಡು ಗುಟುಕು ಔಷಧಿ ಕುಡಿದರೆ ಅದರ ಬೆಲೆ ಗೊತ್ತಾಗುತ್ತದೆ.

ಸೋಲಿಸಿದ ಪ್ರತಿ ರಾಕ್ಷಸನಿಗೂ ಒಂದು ಚಿತ್ರ, ಒಂದು ಪದ್ಯ, ಒಂದು ಪುಟ್ಟ ಕಥೆ ತೆರೆದುಕೊಳ್ಳುತ್ತದೆ. ಆಡುವವರು ಜಾಸ್ತಿ ಜನ ಇದನ್ನು ಓದದೆ ಮುಂದೆ ಹೋಗುತ್ತಾರೆ ಅಂತ ನನ್ನ ಅನುಮಾನ. ಓದಿ. ಹುಲಿಯ ಅಧ್ಯಾಯದಲ್ಲೇ ಮರಳುಗಾಡಿನ ನಡುವೆ ತಲೆಯಿಲ್ಲದ ಭಿಕ್ಷುವೊಬ್ಬ ಮೂರು ತಂತಿಯ ವಾದ್ಯ ನುಡಿಸುತ್ತಾ ಹಾಡುತ್ತಾನೆ. ಅದು ಚೀನಾದ ಶಾಂಶಿ (Shaanxi) ಪ್ರಾಂತದ ಉತ್ತರ ಭಾಗದ ಹಳ್ಳಿಗಳಲ್ಲಿ ಕಥೆ ಹೇಳುವವರ ಧಾಟಿ. ಗುಡಿಗಳೂ ಕಲ್ಪನೆಯವಲ್ಲ, ಅದರ ಪಕ್ಕದ ಶಾನ್‌ಶಿ (Shanxi) ಪ್ರಾಂತದ ಎಷ್ಟೋ ನಿಜವಾದ ಗುಡಿಗಳನ್ನು, ಮೂರ್ತಿಗಳನ್ನು ಸ್ಕ್ಯಾನ್ ಮಾಡಿ ತಂದಿದ್ದಾರೆ. ಗೇಮ್ ಬಂದ ಮೇಲೆ ಅಲ್ಲಿಗೆ ಪ್ರವಾಸಿಗರು ಮುಗಿಬಿದ್ದರು.

ಹಾಗಂತ ಎಲ್ಲ ಹೊಗಳಲಾರೆ. ಕಣ್ಣಿಗೆ ಕಾಣದ ಗೋಡೆಗಳು ತಲೆ ಚಿಟ್ಟು ಹಿಡಿಸುತ್ತವೆ. ಎದುರಿಗೆ ದಾರಿ ಕಾಣುತ್ತದೆ, ಹೋದರೆ ಢಿಕ್ಕಿ. ಮೊದಲಿಗೆ ಮ್ಯಾಪ್ ಕೂಡ ಇರಲಿಲ್ಲ, 2024ರ ಡಿಸೆಂಬರ್‌ನಲ್ಲಿ ಕೊಟ್ಟರು. ದೈತ್ಯ ಬಾಸ್‌ಗಳ, ಅಂದರೆ ದೊಡ್ಡ ಶತ್ರುಗಳ, ಕಾಲಡಿ ಸಿಕ್ಕಿಕೊಂಡರೆ ಕ್ಯಾಮೆರಾಗೇ ದಿಕ್ಕು ತಪ್ಪುತ್ತದೆ.

ನೀವೂ ಶುರು ಮಾಡುವುದಾದರೆ ಒಂದು ಮಾತು. ಮೊದಲ ಅಧ್ಯಾಯದ ಕಾಡಿನಲ್ಲಿ ದೊಡ್ಡ ತಲೆಯ ಭೂತವೊಂದು ಅಲೆಯುತ್ತಿರುತ್ತದೆ. ಅದನ್ನು ಕೊಲ್ಲದೆ ಮುಂದೆ ಹೋಗೋಕಾಗಲ್ಲ ಅಂದುಕೊಂಡು ಗೇಮನ್ನೇ ಬಿಡಬೇಡಿ. ಅದರ ಪಕ್ಕದಿಂದ ಆರಾಮಾಗಿ ಹೋಗಬಹುದು. ನಾಲ್ಕು ವಿದ್ಯೆ ಕಲಿತು, ಶಕ್ತಿ ಹೆಚ್ಚಿಸಿಕೊಂಡು, ವಾಪಸ್ ಬಂದು ನೋಡಿಕೊಳ್ಳಿ. ಅದು ಅಲ್ಲೇ ಇರುತ್ತೆ.