ಸ್ಕ್ರೂ ಹಾಕಿದ ವಿಮಾನ, ಐನೂರು ಡಾಲರ್ ಬೋನಸ್ಸು

ಹಳೇ ಯುದ್ಧದ ಸಿನಿಮಾ ನೋಡುವಾಗ ಪಕ್ಕದಲ್ಲಿ ಎಚ್‌ಎಎಲ್‌ನಿಂದ ರಿಟೈರ್ ಆದ ಫಿಟ್ಟರ್ ಒಬ್ಬರು ಇರಲೇಬೇಕು. ಇಲ್ಲವೇ ಇರಲೇಬಾರದು. ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಅಪ್ಪನ ಜೊತೆ ಕೂತು 'ಫ್ಲೈಯಿಂಗ್ ಟೈಗರ್ಸ್' ನೋಡಿದೆ. 1942ರ ಕಪ್ಪು ಬಿಳುಪು ಚಿತ್ರ. ಜಾನ್ ವೇನ್ ಹೀರೋ. ಚೀನಾ ಪರವಾಗಿ ಜಪಾನಿನ ಮೇಲೆ ಹೋರಾಡಲು ಬಂದ ಅಮೆರಿಕದ ಸ್ವಯಂಸೇವಕ ಪೈಲಟ್‌ಗಳ ಕಥೆ.

ಮೊದಲ ಹತ್ತು ನಿಮಿಷ ಅಪ್ಪ ಸುಮ್ಮನಿದ್ದರು. ಪಿ-40 ಫೈಟರ್‌ಗಳು, ಮೂತಿಯ ತುಂಬಾ ಶಾರ್ಕ್ ಹಲ್ಲಿನ ಚಿತ್ರ. ನೋಡೋಕೆ ಚೆನ್ನಾಗಿಯೇ ಇತ್ತು. ಆಮೇಲೆ ಶುರುವಾಯಿತು.

"ಲೋ, ನಿಂತಿರೋದು ನಿಜವಾದ ವಿಮಾನ ಅಲ್ಲ ಕಣೋ. ಶೀಟ್ ಮೆಟಲ್ ಬೆಳಕನ್ನ ಹೀಗೆ ಹಿಡಿಯೋದಿಲ್ಲ."

ಅವರು ಹೇಳಿದ್ದು ಸರಿ. ಯುದ್ಧದ ಮಧ್ಯೆ ಸಿನಿಮಾದವರಿಗೆ ಯಾರು ಫೈಟರ್ ಕೊಡುತ್ತಾರೆ? ನಿಜವಾದ ಗಾತ್ರದ ಡಮ್ಮಿಗಳನ್ನು ಮಾಡಿ ನಿಲ್ಲಿಸಿದ್ದರು. ಆಕಾಶದಲ್ಲಿ ಹಾರುವ ಬಹಳಷ್ಟು ವಿಮಾನಗಳು ಪುಟ್ಟ ಮಾದರಿಗಳು. ಆ ಕೈಚಳಕಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. ಇಷ್ಟನ್ನು ಮೊಬೈಲ್ ನೋಡಿ ಹೇಳಿದೆ. ಅಪ್ಪ "ಹ್ಞೂಂ" ಅಂದರು, ಮೆಚ್ಚಲಿಲ್ಲ.

ಅವರನ್ನು ನಿಜವಾಗಿ ಎಬ್ಬಿಸಿ ಕೂರಿಸಿದ್ದು ಚಿತ್ರದಲ್ಲಿ ಬರುವ ಒಂದು ದಪ್ಪ ಎರಡು ಎಂಜಿನ್ನಿನ ವಿಮಾನ. "ಇದ್ಯಾವುದೋ? ನಾನು ನೋಡೇ ಇಲ್ಲ." ಹುಡುಕಿದೆ. ಕ್ಯಾಪೆಲಿಸ್ ಎಕ್ಸ್‌ಸಿ-12. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ್ದು ಇದೊಂದೇ. ಅದರ ಬಹುಭಾಗಕ್ಕೆ, ತಗಡುಗಳನ್ನು ಹೊಡೆದು ಖಾಯಂ ಆಗಿ ಕೂಡಿಸುವ ರಿವೆಟ್ ಬದಲು ಸ್ಕ್ರೂ ಹಾಕಿದ್ದರಂತೆ. ಹಾರಿದಾಗಲೆಲ್ಲ ಅದುರಿ ಸಡಿಲ ಆಗುತ್ತಿದ್ದವು, ಮತ್ತೆ ಮತ್ತೆ ಬಿಗಿ ಮಾಡಬೇಕಿತ್ತು. ಕೊನೆಗೆ ಸಿನಿಮಾ ಸ್ಟುಡಿಯೋ ಪಾಲಾಯಿತು.

"ಸ್ಕ್ರೂ? ವಿಮಾನಕ್ಕೆ?" ಅಪ್ಪ ಅಡುಗೆಮನೆ ಕಡೆ ತಿರುಗಿ, "ಏನೇ, ಕೇಳಿಸ್ತಾ? ಸ್ಕ್ರೂ ಹಾಕಿದ್ರಂತೆ!" ಅಂತ ಕೂಗಿದರು. ಅಮ್ಮ ಅಲ್ಲಿಂದಲೇ "ಸರಿ, ನಿಮ್ಮನ್ನ ಕೇಳಿ ಹಾಕಬೇಕಿತ್ತು" ಅಂದರು.

ಕಥೆಗೆ ಬರೋಣ. ವುಡಿ ಅಂತ ಒಬ್ಬ ಪೈಲಟ್ ಬರುತ್ತಾನೆ. ಬೀಳಿಸಿದ ಪ್ರತಿ ಜಪಾನಿ ವಿಮಾನಕ್ಕೆ 500 ಡಾಲರ್ ಬೋನಸ್ಸು, ಅದರ ಆಸೆಗೇ ಬಂದವನು. ಕಣ್ಣು ಮಂಜಾದ ಹಿರಿಯ ಪೈಲಟ್ ಒಬ್ಬ ಅವನ ಬೇಜವಾಬ್ದಾರಿಯಿಂದ ಸಾಯುತ್ತಾನೆ. ಆಮೇಲೆ ವುಡಿಗೆ ಬುದ್ಧಿ ಬರುತ್ತದೆ. ಸೇತುವೆ ಉಡಾಯಿಸಲು ಸ್ಫೋಟಕ ತುಂಬಿದ ವಿಮಾನದಲ್ಲಿ ಹೀರೋ ಜೊತೆ ಹೋಗುತ್ತಾನೆ. ಅಲ್ಲಿ ಹೀರೋನನ್ನು ಪ್ಯಾರಾಚೂಟ್ ಸಮೇತ ಹೊರಗೆ ತಳ್ಳಿ ತಾನು ಜಪಾನೀಯರ ರೈಲಿಗೆ ಗುದ್ದಿ ಸಾಯುತ್ತಾನೆ. ಅಂದರೆ, ದುಡ್ಡು ಕೇಳಿದ ತಪ್ಪಿಗೆ ಪ್ರಾಣ ಕೊಟ್ಟು ಶುದ್ಧ ಆಗಬೇಕು.

ಇಲ್ಲಿ ಅಪ್ಪನಿಗೆ ಸಿಟ್ಟೇ ಬಂತು. "ಬೋನಸ್ ತಗೊಂಡ್ರೆ ಕಳ್ಳನಾ? ನಾನೂ ಇನ್ಸೆಂಟಿವ್ ತಗೊಂಡಿದೀನಿ, ಓವರ್‌ಟೈಮ್ ತಗೊಂಡಿದೀನಿ. ನಾನು ಹೊಡೆದ ರಿವೆಟ್ ಸಡಿಲ ಆಯ್ತಾ?"

ನಾನು ಅವರ ಪಕ್ಷ. ಯಾಕೆಂದರೆ ಅಸಲಿ ಫ್ಲೈಯಿಂಗ್ ಟೈಗರ್ಸ್ ಅಷ್ಟೂ ಜನ ಸಂಬಳಕ್ಕೇ ಬಂದಿದ್ದರು. ಪೈಲಟ್‌ಗೆ ತಿಂಗಳಿಗೆ 600 ಡಾಲರ್, ಸ್ಕ್ವಾಡ್ರನ್ ಲೀಡರ್‌ಗೆ 750. ಸೈನ್ಯದಲ್ಲಿ ಸಿಗುತ್ತಿದ್ದುದಕ್ಕಿಂತ ಎಷ್ಟೋ ಜಾಸ್ತಿ. ಸಿನಿಮಾದಲ್ಲಿ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ಜಪಾನ್ ಮಾಡಿದ ದಾಳಿಯ ಸುದ್ದಿ ರೇಡಿಯೋದಲ್ಲಿ ಬರುವ ಹೊತ್ತಿಗೆ ಇವರು ಎಷ್ಟೋ ಕಾಳಗ ಮಾಡಿ ಮುಗಿಸಿರುತ್ತಾರೆ. ಅದು ಬರೀ ಕಥೆ. ನಿಜವಾದ ಮೊದಲ ಕಾಳಗ ನಡೆದದ್ದು ಆ ದಾಳಿಯ ನಂತರ, 1941ರ ಡಿಸೆಂಬರ್ 20ರಂದು, ಚೀನಾದ ಕುನ್ಮಿಂಗ್ ಬಳಿ. ಅಲ್ಲಿಯವರೆಗೆ ಬರ್ಮಾದ ಟೌಂಗೂನಲ್ಲಿ ಟ್ರೈನಿಂಗ್ ನಡೆಯುತ್ತಿತ್ತು. ಅವರ ಮುಖ್ಯಸ್ಥ ಶೆನಾಲ್ಟ್ ಕಲಿಸಿದ್ದು ಇಷ್ಟೇ: ಜಪಾನಿ ಫೈಟರ್ ಜೊತೆ ಸುತ್ತಬೇಡಿ, ತಿರುಗುವುದರಲ್ಲಿ ಅದೇ ಚುರುಕು. ಮೇಲಿಂದ ಎರಗಿ, ಹೊಡೆದು, ಹಾಗೇ ಕೆಳಕ್ಕೆ ಧುಮುಕಿ ಪಾರಾಗಿ. ಪಿ-40 ಭಾರ, ಧುಮುಕಿದರೆ ಯಾರ ಕೈಗೂ ಸಿಗುವುದಿಲ್ಲ. ಜಾಕೆಟ್ ಬೆನ್ನಿಗೆ ಚೀನೀ ಭಾಷೆಯಲ್ಲಿ ಬರೆದ ಬಟ್ಟೆ ಹೊಲಿದಿರುತ್ತಿತ್ತು. ಈ ಪರದೇಶಿ ನಮ್ಮ ಪರವಾಗಿ ಯುದ್ಧಕ್ಕೆ ಬಂದವನು, ಕಾಪಾಡಿ ಅಂತ ಅದರ ಅರ್ಥ.

ಇನ್ನೊಂದು ವಿಷಯ ಓದುವಾಗ ನಾನೇ ಸೋಫಾದಿಂದ ಎದ್ದೆ. ಕಾಗದದ ಮೇಲೆ ಇವರು ಸೈನಿಕರೇ ಅಲ್ಲ, ಒಂದು ಕಂಪನಿಯ ನೌಕರರು. ವಿಮಾನ ತಯಾರಿಕೆ, ರಿಪೇರಿ, ಹಾರಾಟದ ಕೆಲಸ ಅಂತ ಕರಾರು. ಯುದ್ಧದ ಮಾತೇ ಇಲ್ಲ. ಕಂಪನಿಯ ಹೆಸರು ಸೆಂಟ್ರಲ್ ಏರ್‌ಕ್ರಾಫ್ಟ್ ಮ್ಯಾನುಫ್ಯಾಕ್ಚರಿಂಗ್, ಅದರ ಹಿಂದಿದ್ದವರು ಅಮೆರಿಕದ ಉದ್ಯಮಿ ವಿಲಿಯಂ ಪಾಲಿ. ಚೀನಾದಲ್ಲಿ, ಬರ್ಮಾ ಗಡಿಯ ಲೋಯ್‌ವಿಂಗ್‌ನಲ್ಲಿ ಅವರ ಫ್ಯಾಕ್ಟರಿ. 1940ರಲ್ಲಿ ಜಪಾನಿನವರು ಅದರ ಮೇಲೆ ಬಾಂಬ್ ಹಾಕಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಮುಂದೆ ಎಚ್‌ಎಎಲ್ ಆದ ಕಂಪನಿ, ಶುರು ಮಾಡಿದರಲ್ಲ, ಅದಕ್ಕೆ ತಾಂತ್ರಿಕ ಬೆನ್ನೆಲುಬಾಗಿ ನಿಂತದ್ದು ಇದೇ ಪಾಲಿ. ವಾಲ್‌ಚಂದ್‌ಗೆ ಅವರ ಪರಿಚಯ ಆಗಿದ್ದು ವಿಮಾನ ಪ್ರಯಾಣದಲ್ಲಿ. ಚೀನಾಕ್ಕೆಂದು ಇದ್ದ ಕರ್ಟಿಸ್ ಹಾಕ್ ಫೈಟರ್‌ಗಳ ಕೆಲಸ ಬೆಂಗಳೂರಿಗೆ ಬಂತು. 1942ರ ಜುಲೈನಲ್ಲಿ ಇಲ್ಲಿ ಜೋಡಿಸಿದ ಮೊದಲ ಹಾಕ್ ಹಾರಿತು. ಅದೇ ತಿಂಗಳ ಆರಂಭದಲ್ಲಿ ಟೈಗರ್ಸ್ ತಂಡ ವಿಸರ್ಜನೆ ಆಗಿತ್ತು.

"ಅಪ್ಪಾ, ಜಾನ್ ವೇನ್‌ಗೆ ಸಂಬಳ ಕೊಟ್ಟವನು ನಿಮ್ಮ ಫ್ಯಾಕ್ಟರಿಗೂ ಮೊದಲನೇ ಮೇಸ್ತ್ರಿ!"

ಅಪ್ಪ ಒಂದು ಕ್ಷಣ ಯೋಚಿಸಿ ಕೇಳಿದ್ದು ಬೇರೆಯೇ. "ಮೆಕ್ಯಾನಿಕ್‌ಗಳು ಎಷ್ಟು ಜನ ಇದ್ರು?"

ಪೈಲಟ್‌ಗಳು ಸುಮಾರು 100, ನೆಲದ ಮೇಲಿನ ಸಿಬ್ಬಂದಿ ಅದರ ಎರಡರಷ್ಟು. ಬಿಡಿಭಾಗ ಸಿಗದೆ, ಬಿದ್ದ ವಿಮಾನದಿಂದ ಕಿತ್ತು ಇನ್ನೊಂದಕ್ಕೆ ಹಾಕಿ ಹಾರಿಸುತ್ತಿದ್ದರು. ಅಪ್ಪನ ಮುಖ ಅರಳಿತು. "ಕ್ಯಾನಿಬಲೈಸ್ ಮಾಡೋದು ಅಂತೀವಿ ನಾವು. ಎರಡು ಕಿರಣ್ ವಿಮಾನ ನಿಲ್ಲಿಸಿ ಮೂರನೇದನ್ನ ಕಳಿಸಿದೀವಿ." 1942ರ ಮೇ ಹೊತ್ತಿಗೆ ಜಪಾನಿ ಸೇನೆ ಲೋಯ್‌ವಿಂಗ್ ತಲುಪಲಿದೆ ಅಂದಾಗ, ರಿಪೇರಿಗೆ ಕಾದಿದ್ದ 22 ಪಿ-40ಗಳನ್ನು ಆ ಜನರೇ ಸುಟ್ಟು ಹೊರಟರು ಅಂತ ಓದಿದೆ. ಅಪ್ಪ ಟಿವಿ ಸೌಂಡ್ ಕಡಿಮೆ ಮಾಡಿದರು. "ಅದನ್ನ ತೋರಿಸ್ಬೇಕಿತ್ತು ಸಿನಿಮಾದಲ್ಲಿ," ಅಂದರು.

ತೋರಿಸಿಲ್ಲ. ಚಿತ್ರದಲ್ಲಿ ಮೆಕ್ಯಾನಿಕ್‌ಗಳು ಬಂದು ಹೋಗುವವರು, ಅಷ್ಟೇ. ನರ್ಸ್ ಪ್ರೇಮಕಥೆಗೆ ಸಿಕ್ಕಷ್ಟು ಹೊತ್ತಿನಲ್ಲಿ ಒಂದು ಎಂಜಿನ್ ಬಿಚ್ಚಿ ಜೋಡಿಸಬಹುದಿತ್ತು. ಆದರೂ ಗಾಳಿಯಲ್ಲಿನ ಹೊಡೆದಾಟದ ದೃಶ್ಯಗಳನ್ನು ಇನ್ನೊಮ್ಮೆ ನೋಡಬಹುದು, ಅವು ಈಗಲೂ ಹಳಸಿಲ್ಲ.

ಸಂಜೆ ಕಾಫಿ ಹೊತ್ತಿಗೆ ಅಪ್ಪ ಹಳೇ ಶಾಪ್‌ನ ಗೆಳೆಯರೊಬ್ಬರಿಗೆ ಫೋನ್ ಹಚ್ಚಿದರು. ಜಾನ್ ವೇನ್ ಹೆಸರು ಒಮ್ಮೆಯೂ ಬರಲಿಲ್ಲ. "ಸ್ಕ್ರೂ ಕಣಯ್ಯಾ, ಸ್ಕ್ರೂ! ಪ್ರತಿ ಸಲ ಟೈಟ್ ಮಾಡ್ಬೇಕಂತೆ. ಇನ್‌ಸ್ಪೆಕ್ಷನ್‌ನವನು ಯಾವನಯ್ಯಾ ಅದಕ್ಕೆ ಸೀಲ್ ಹೊಡೆದೋನು?"